ಆಟ ಆಡಿಸಲು ಕಲಿತದ್ದು

ಬದಿಯಡ್ಕದ ಹತ್ತಿರ ಒಂದು ದೇವಸ್ಥಾನದ ಅಂಗಳ. ರಾತ್ರಿ 9 ಗಂಟೆ 50 ನಿಮಿಷ. ರಂಗಸ್ಥಳದಲ್ಲಿ ನಮ್ಮ ಶಾಲೆಯ ಮಕ್ಕಳ ಯಕ್ಷಗಾನ ಆಟ. ಮಹಿಷಾಸುರನ ಪ್ರವೇಶ ಇನ್ನೂ ಆಗಿಲ್ಲ. ಆ ವೇಷದ ಹುಡುಗ ಒಂಬತ್ತನೇ ಕ್ಲಾಸಿನವನು. ಸಂಜೆ ಐದೂವರೆಗೇ ವೇಷ ಕಟ್ಟುವ ಚೌಕಿಯಲ್ಲಿ ಬಣ್ಣಕ್ಕೆ ಕೂತಿದ್ದ. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಒಂದೊಂದೇ ಚುಟ್ಟಿ ಇಡಬೇಕಲ್ಲ, ಮೂರು ಗಂಟೆ ಆರಾಮವಾಗಿ ಹೋಗುತ್ತದೆ. ನಗಬಾರದು, ಮಾತಾಡಬಾರದು, ಚಾ ಕುಡಿಯಬೇಕಾದರೂ ಸ್ಟ್ರಾ ಹಾಕಿ ಕುಡಿಯಬೇಕು.

ಸರಿಯಾಗಿ 10 ಗಂಟೆಗೆ ಮೈಕ್ ಬಂದ್ ಆಯಿತು. ನಮಗೆ ಸಿಕ್ಕಿದ್ದ ಅನುಮತಿ ಅಷ್ಟು ಹೊತ್ತಿಗೇ ಇದ್ದದ್ದು. ಹಾಡುವ ಭಾಗವತರ ಪದ ಮುಂದಿನ ಎರಡು ಸಾಲಿನವರಿಗೆ ಮಾತ್ರ ಕೇಳಿಸುತ್ತಿತ್ತು. ಹುಡುಗ ದೊಂದಿ ಬೆಳಕಿನಲ್ಲಿ ಸಭೆಯ ನಡುವಿನಿಂದ ಅಬ್ಬರಿಸಿ ಬಂದ. ಆದರೆ ಅಷ್ಟರಲ್ಲಿ ಅರ್ಧ ಜನ ಎದ್ದಾಗಿತ್ತು. ಹತ್ತು ನಿಮಿಷದಲ್ಲಿ ಮಂಗಳ ಹಾಡಿಸಿ ಆಟ ಮುಗಿಸಿದೆವು. ಚೌಕಿಯಲ್ಲಿ ಅವನ ಮುಖಕ್ಕೆ ತೆಂಗಿನೆಣ್ಣೆ ಹಚ್ಚಿ ಬಣ್ಣ ತೆಗೆಯುವಾಗ ಎಣ್ಣೆಯ ಜೊತೆ ಕಣ್ಣೀರೂ ಇಳಿಯುತ್ತಿತ್ತು. ಅವನು ನನ್ನನ್ನು ಏನೂ ಕೇಳಲಿಲ್ಲ.

ತಪ್ಪು ನನ್ನದೇ. ಆಟಕ್ಕೆ ಮೊದಲು ಸಭಾ ಕಾರ್ಯಕ್ರಮ ಇಟ್ಟಿದ್ದೆ. ಸ್ವಾಗತ, ದೀಪ, ಏಳು ಜನರ ಭಾಷಣ, ಶಾಲು, ಸ್ಮರಣಿಕೆ. ಒಂದೂವರೆ ಗಂಟೆ ಅಲ್ಲೇ ಮುಗಿಯಿತು. ಮಕ್ಕಳಿಗೆ ನಾಟ್ಯ ಕಲಿಸಲು ಗುರುಗಳಿದ್ದರು. ಚೆಂಡೆ, ಮದ್ದಳೆ ಕಲಿಸುವವರಿದ್ದರು. ಅರ್ಥ, ಅಂದರೆ ವೇಷಧಾರಿಗಳ ಮಾತು, ತಿದ್ದಲು ನಾನೇ ಇದ್ದೆ. ಆಟ ಆಡಿಸಲು ಕಲಿತವರು ಮಾತ್ರ ನಮ್ಮಲ್ಲಿ ಒಬ್ಬರೂ ಇರಲಿಲ್ಲ. ಅದನ್ನೂ ಕಲಿಯಬೇಕು ಅಂತ ಹೊಳೆದದ್ದು ಆ ರಾತ್ರಿ.

ನಾನು ಕನ್ನಡ ಟೀಚರ್. ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನಕ್ಕೂ ಸ್ಪರ್ಧೆ ಉಂಟು. ನಮ್ಮ ಕಾಸರಗೋಡಿನ ಮಕ್ಕಳು ಅಲ್ಲಿ ಚೆನ್ನಾಗಿ ಮಾಡುತ್ತಾರೆ. ಆದರೆ ಗ್ರೇಡ್ ಸಿಕ್ಕಿದ ಮೇಲೆ ಆ ಮಕ್ಕಳಿಗೆ ವೇದಿಕೆ ಎಲ್ಲಿ? ಆರು ತಿಂಗಳು ಕಲಿತದ್ದು ಒಂದು ಸ್ಪರ್ಧೆಗೇ ಮುಗಿಯಬಾರದು ಅಂತ ನಾನು ಆಟ ಮಾಡಿಸಲು ಹೊರಟದ್ದು. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ನಮ್ಮ ಪಕ್ಕದಲ್ಲೇ ಉಂಟು. ಇಲ್ಲಿ ಆಟ ನೋಡುವವರಿಗೆ ಬರಗಾಲವಿಲ್ಲ. ವ್ಯವಸ್ಥೆಗೆ ನಿಲ್ಲುವವರಿಗೆ ಬರಗಾಲ.

ಮೊದಲು ಹೋದದ್ದು ಊರಿನ ಒಬ್ಬ ಹಿರಿಯರ ಹತ್ತಿರ. ಡೇರೆ ಹಾಕಿ ಟಿಕೆಟ್ ಇಟ್ಟು ಆಡುವ ಟೆಂಟ್ ಮೇಳದಲ್ಲಿ ಮ್ಯಾನೇಜರ್ ಆಗಿದ್ದವರು. ಹಗಲು ಮುಂದಿನ ಊರಿನ ವ್ಯವಸ್ಥೆ, ರಾತ್ರಿ ಗೇಟು, ಬೆಳಗಿನ ಜಾವ ಲೆಕ್ಕ, ಹೀಗೆ ವರ್ಷಗಟ್ಟಲೆ ಬದುಕಿದವರು. ಒಂದು ತಿರುಗಾಟದ ಕಾಲ, ಅಂದರೆ ದೀಪಾವಳಿಯ ನಂತರ ಶುರುವಾಗಿ ಮೇ ಕೊನೆಗೆ ಬರುವ ಪತ್ತನಾಜೆಯ ತನಕ, ಪ್ರತಿ ಶನಿವಾರ ಅವರ ಜಗಲಿಯಲ್ಲಿ ಕೂತೆ.

ಅವರ ಹತ್ತಿರ ಉದ್ದದ ಒಂದು ಲೆಕ್ಕದ ಪುಸ್ತಕ ಇತ್ತು. ಬೈಂಡು ಬಿಟ್ಟುಹೋಗಿ ನೂಲಿನಲ್ಲಿ ಹೊಲಿದದ್ದು. ಬರೀ ಹಣದ ಲೆಕ್ಕ ಇರಬಹುದು ಅಂದುಕೊಂಡಿದ್ದೆ. ತೆರೆದು ನೋಡಿದರೆ ಒಬ್ಬೊಬ್ಬ ಕಲಾವಿದರಿಗೆ ಒಂದೊಂದು ಪುಟ. ‘ಚೆಂಡೆ. ಸಕ್ಕರೆ ಕಾಯಿಲೆ, ರಾತ್ರಿ ಚಪಾತಿ. ಸೀತಾಂಗೋಳಿಯಲ್ಲಿ ಇಳಿಯುವುದು.’ ‘ಸ್ತ್ರೀವೇಷ. ಅಮ್ಮನಿಗೆ ಹುಷಾರಿಲ್ಲ, ದೂರದ ಆಟ ಬೇಡ.’ ‘ಭಾಗವತರು. ಬಿಸಿನೀರು, ಕರಿಮೆಣಸು. ಫ್ಯಾನ್ ಎದುರು ಕೂರಿಸಬಾರದು.’ ಕೆಳಗೆ ವೀಳ್ಯ, ಅಂದರೆ ಸಂಭಾವನೆ, ಎಷ್ಟು, ಮುಂಗಡ ಎಷ್ಟು, ಬಾಕಿ ಎಷ್ಟು. ಬಾಕಿಯ ಕಾಲಂನಲ್ಲಿ ಎಲ್ಲ ಕಡೆ ಸೊನ್ನೆ.

"ಟೀಚರೇ, ವೀಳ್ಯವನ್ನು ಆಟ ಶುರುವಾಗುವ ಮೊದಲೇ ಕವರಿಗೆ ಹಾಕಿ ಹೆಸರು ಬರೆದಿಡಿ. ಆಟ ಮುಗಿದ ಮೇಲೆ ಲೆಕ್ಕ ಮಾಡಲಿಕ್ಕೆ ಕೂರಬೇಡಿ. ಅವರಿಗೆ ಬಸ್ಸು ಹಿಡಿಯಲಿಕ್ಕುಂಟು," ಅಂದರು. ಇವತ್ತಿಗೂ ನನ್ನ ಕೈಚೀಲದಲ್ಲಿ ಆ ಕವರುಗಳು ಇರುತ್ತವೆ. ಕಲೆಕ್ಷನ್ ಕಡಿಮೆಯಾದರೆ ನಷ್ಟ ವ್ಯವಸ್ಥೆ ಮಾಡಿದವರದ್ದು, ಕಲಾವಿದರದ್ದಲ್ಲ. ಈ ಒಂದು ವಿಷಯದಲ್ಲಿ ನಾನು ಯಾರ ಜೊತೆಗೂ ರಾಜಿ ಮಾಡಿಕೊಳ್ಳುವುದಿಲ್ಲ.

ಆಮೇಲೆ ಒಂದು ಅಕ್ಟೋಬರ್‌ನಲ್ಲಿ ಸಾಗರದ ಹತ್ತಿರದ ಹೆಗ್ಗೋಡಿಗೆ ಹೋದೆ, ನೀನಾಸಂ ಸಂಸ್ಕೃತಿ ಶಿಬಿರಕ್ಕೆ. ಕೆ.ವಿ. ಸುಬ್ಬಣ್ಣನವರು ಮತ್ತು ಊರಿನ ಗೆಳೆಯರು 1949ರಲ್ಲಿ ಕಟ್ಟಿದ ಸಂಸ್ಥೆ. 1985ರಿಂದ ಅವರ ತಿರುಗಾಟ ತಂಡ ಊರೂರಿಗೆ ನಾಟಕ ಒಯ್ಯುತ್ತಿದೆ. ಚರ್ಚೆ, ಉಪನ್ಯಾಸ ಎಲ್ಲ ಚೆನ್ನಾಗಿದ್ದವು. ಆದರೆ ನನ್ನ ಕಣ್ಣು ಇದ್ದದ್ದು ನಾಟಕದ ಮೊದಲು ಮತ್ತು ನಂತರ ನಡೆಯುವ ಕೆಲಸದ ಮೇಲೆ. ಯಾವ ಪೆಟ್ಟಿಗೆಯಲ್ಲಿ ಯಾವ ಸಾಮಾನು, ಯಾವುದನ್ನು ಮೊದಲು ಬಿಚ್ಚಬೇಕು, ಯಾರು ಎಲ್ಲಿ ನಿಲ್ಲಬೇಕು, ಎಲ್ಲ ಮೊದಲೇ ತೀರ್ಮಾನ ಆಗಿತ್ತು. ಕೂಗಾಟ ಇಲ್ಲ. ನಮ್ಮಲ್ಲಿ ಆಟ ಶುರುವಾಗುವ ಹೊತ್ತಿಗೆ ‘ಗೆಜ್ಜೆ ಎಲ್ಲಿ, ಗೆಜ್ಜೆ ಎಲ್ಲಿ’ ಅಂತ ಓಡಾಡುತ್ತಿದ್ದೆವು. ಊರಿಗೆ ಬಂದವಳೇ ನಮ್ಮ ವೇಷದ ಪೆಟ್ಟಿಗೆಗಳಿಗೆ ನಂಬರ್ ಹಾಕಿ, ಪ್ರತಿ ಮುಚ್ಚಳದ ಒಳಗೆ ಸಾಮಾನಿನ ಪಟ್ಟಿ ಅಂಟಿಸಿದೆ. ಇದು ಚಿಕ್ಕ ಕೆಲಸ ಅನ್ನಿಸಬಹುದು, ಆದರೆ ಅದರಿಂದ ಪ್ರತಿ ಆಟಕ್ಕೂ ಅರ್ಧ ಗಂಟೆ ಉಳಿಯಿತು.

ಕಾಗದಪತ್ರದ ಕೆಲಸ ಕಲಿಯಲು ಜಾಸ್ತಿ ಸಮಯ ಹಿಡಿಯಿತು. ಮೈಕ್ ವಿಷಯಕ್ಕೆ 2000ದ ಶಬ್ದಮಾಲಿನ್ಯ ನಿಯಮವನ್ನೇ ತರಿಸಿ ಓದಿದೆ. ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಬಯಲಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಮುಚ್ಚಿದ ಸಭಾಂಗಣಕ್ಕೆ ವಿನಾಯಿತಿ ಉಂಟು. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮ ಅಂತ ರಾಜ್ಯ ಸರ್ಕಾರ ವರ್ಷದಲ್ಲಿ 15 ದಿನ ಮೀರದ ಹಾಗೆ ಮಧ್ಯರಾತ್ರಿ 12ರ ತನಕ ಬಿಡಬಹುದು. ಇದು ಗೊತ್ತಾದ ಮೇಲೆ ನಮ್ಮ ಆಟಗಳು ಸಂಜೆ ಆರೂವರೆಗೆ ಶುರು, ಒಂಬತ್ತೂಕಾಲಿಗೆ ಮಂಗಳ. ಸಭೆ 15 ನಿಮಿಷ. ಶಾಲು ಹೊದೆಸುವುದಿದ್ದರೆ ಇನ್ನೊಂದು ದಿನ.

ಸಂಘ ನೋಂದಣಿ ಮಾಡಿಸುವಾಗ ಇನ್ನೊಂದು ವಿಷಯ ತಿಳಿಯಿತು. ತಿರುವಾಂಕೂರು-ಕೊಚ್ಚಿ ಕಡೆಯ ಸಂಘಗಳಿಗೆ 1955ರ ಕಾಯ್ದೆ, ನಮ್ಮ ಮಲಬಾರ್ ಭಾಗಕ್ಕೆ 1860ರ ಹಳೇ ಸೊಸೈಟೀಸ್ ಕಾಯ್ದೆ. ತಿರುವನಂತಪುರದಲ್ಲಿರುವ ಪರಿಚಯದವರು ಕಳಿಸಿದ ಮಾದರಿ ಬೈಲಾ ನಮಗೆ ಹೊಂದಲಿಲ್ಲ. ಎರಡು ಸಲ ಬರೆದೆವು. 1956ರಲ್ಲಿ ಕೇರಳಕ್ಕೆ ಸೇರಿ ಗಡಿ ಬದಲಾದ ಊರಿನಲ್ಲಿ ಇಂಥವು ಬರುತ್ತಲೇ ಇರುತ್ತವೆ.

ತೆರಿಗೆಯ ಬಗ್ಗೆ ಸುಮ್ನೆ ಹೆದರುವವರು ಬಹಳ. ನಾಟಕ, ಸಂಗೀತ, ನೃತ್ಯದಂಥ ಪ್ರದರ್ಶನಕ್ಕೆ ಒಬ್ಬರಿಗೆ 500 ರೂಪಾಯಿ ಮೀರದ ಟಿಕೆಟ್ ಇಟ್ಟರೆ ಜಿಎಸ್‌ಟಿ ಇಲ್ಲ. ಜನಪದ ಅಥವಾ ಶಾಸ್ತ್ರೀಯ ಕಲಾವಿದರು ಒಂದು ಪ್ರದರ್ಶನಕ್ಕೆ ಪಡೆಯುವ ಸಂಭಾವನೆ 1.5 ಲಕ್ಷದ ಒಳಗಿದ್ದರೆ ಅದಕ್ಕೂ ಇಲ್ಲ. ನಮ್ಮ ಆಟಗಳೆಲ್ಲ ಇದರೊಳಗೇ ಬರುತ್ತವೆ. ಆದರೂ ರಶೀದಿ ಪುಸ್ತಕ, ವೋಚರ್, ವರ್ಷಕ್ಕೊಮ್ಮೆ ಆಡಿಟ್ ಬಿಡಬಾರದು. ಯಾರ ಹತ್ತಿರ ಸಹಾಯ ಕೇಳಲು ಹೋದರೂ ಮೊದಲು ಕೇಳುವುದು ಆಡಿಟ್ ರಿಪೋರ್ಟ್.

ಹಕ್ಕಿನ ವಿಷಯದಲ್ಲೂ ಎಚ್ಚರ ಬೇಕು. ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳನ್ನು ಯಾರು ಬೇಕಾದರೂ ಆಡಬಹುದು. ಹೊಸ ಪ್ರಸಂಗವಾದರೆ ಕವಿಯ ಒಪ್ಪಿಗೆ ಬೇಕು. ಕವಿ ತೀರಿಕೊಂಡು 60 ವರ್ಷದ ತನಕ ಹಕ್ಕು ಅವರ ವಾರಸುದಾರರದ್ದು. ಶಿವರಾಮ ಕಾರಂತರು ರೂಪಿಸಿದ ಯಕ್ಷಗಾನ ಬ್ಯಾಲೆಯ ಹಕ್ಕಿನ ವ್ಯಾಜ್ಯ ಸುಪ್ರೀಂ ಕೋರ್ಟ್ ತನಕ ಹೋಗಿ 2009ರಲ್ಲಿ ತೀರ್ಪು ಬಂತು. ‘ನಮ್ಮ ಊರಿನ ಆಟಕ್ಕೆ ಯಾರು ಕೇಳುತ್ತಾರೆ’ ಅನ್ನುವವರಿಗೆ ನಾನು ಇದನ್ನು ಹೇಳುತ್ತೇನೆ. ವಿಡಿಯೋ ಮಾಡಿ ಯೂಟ್ಯೂಬಿಗೆ ಹಾಕುವ ಮೊದಲೂ ಭಾಗವತರಿಂದ ಹಿಡಿದು ಮೊದಲಿಗೆ ಕುಣಿಯುವ ಕೋಡಂಗಿ ವೇಷದ ಮಗುವಿನ ಮನೆಯವರ ತನಕ ಎಲ್ಲರ ಸಹಿ ತೆಗೆದುಕೊಳ್ಳುತ್ತೇನೆ.

ಇಷ್ಟು ಕಲಿಯಲು ನನಗೆ ಐದು ವರ್ಷ ಬೇಕಾಯಿತು. ಮುಂದಿನವರಿಗೆ ಅಷ್ಟು ಬೇಡ ಅಂತ ಒಂದು ಕ್ರಮ ಶುರು ಮಾಡಿದೆ. ಪ್ರತಿ ವರ್ಷ ಇಬ್ಬರು ಹುಡುಗ ಹುಡುಗಿಯರು ಒಂದು ಸೀಸನ್ ನನ್ನ ಜೊತೆ ಇರುತ್ತಾರೆ. ಮೊದಲ ಎರಡು ಆಟಕ್ಕೆ ನನ್ನ ಪಕ್ಕದಲ್ಲಿ ನಿಂತು ನೋಡುವುದು, ಬರೆದುಕೊಳ್ಳುವುದು. ನಂತರದ ಎರಡಕ್ಕೆ ಅವರೇ ಬಜೆಟ್ ಬರೆಯುತ್ತಾರೆ, ನಾನು ತಿದ್ದುತ್ತೇನೆ. ಐದನೆಯದು ಪೂರ್ತಿ ಅವರದ್ದು, ನಾನು ಸಭೆಯಲ್ಲಿ ಕೂತು ಆಟ ನೋಡುತ್ತೇನೆ. ಕೈಕಟ್ಟಿ ಕೂರುವುದು ನನಗೆ ಕಷ್ಟ, ಆದರೂ ಏಳುವುದಿಲ್ಲ. ಅವರಿಗೂ ಕವರ್ ಉಂಟು. ದೊಡ್ಡ ಮೊತ್ತ ಅಲ್ಲ, ಆದರೆ ಸೇವೆ ಅಂತ ಹೇಳಿ ಮಕ್ಕಳಿಂದ ಬಿಟ್ಟಿ ಕೆಲಸ ಮಾಡಿಸಿಕೊಂಡರೆ ಮುಂದಿನ ವರ್ಷ ಅವರು ಬರುವುದಿಲ್ಲ. ಬರದಿದ್ದರೆ ಅದು ಅವರ ತಪ್ಪೂ ಅಲ್ಲ.

ಮುಳ್ಳೇರಿಯದ ಕಡೆಯ ಹುಡುಗಿಯೊಬ್ಬಳು ಬಂದಿದ್ದಳು, ಬಿ.ಕಾಂ. ಓದುತ್ತಿದ್ದವಳು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಾಲೇಜಿನಲ್ಲಿ ಗೆಳತಿಯರೆಲ್ಲ ಮಲಯಾಳದವರು. ನಮ್ಮ ಅರ್ಜಿಗಳನ್ನು ಅವಳು ಚೊಕ್ಕ ಮಲಯಾಳದಲ್ಲಿ ಬರೆದಳು. ನಾನು ಕನ್ನಡದಲ್ಲಿ ಕೊಟ್ಟು ಉತ್ತರಕ್ಕೆ ಕಾಯುತ್ತಿದ್ದದ್ದು ಎರಡು ದಿನದಲ್ಲಿ ಆಯಿತು. ನಮ್ಮ ಭಾಷೆಯಲ್ಲಿ ಅರ್ಜಿ ಕೊಡುವ ಹಕ್ಕನ್ನು ನಾನು ಬಿಟ್ಟುಕೊಡುವುದಿಲ್ಲ, ಕನ್ನಡ ಪ್ರತಿಯನ್ನೂ ಈಗಲೂ ಲಗತ್ತಿಸುತ್ತೇವೆ. ಆದರೆ ಆಟ ಇರುವುದು ಶನಿವಾರ, ಅನುಮತಿ ಗುರುವಾರಕ್ಕೆ ಬೇಕು.

ಅವಳೇ ಒಂದು ದಿನ, "ಟೀಚರ್, ನನ್ನ ಫ್ರೆಂಡ್ಸ್ ಆಟಕ್ಕೆ ಬಂದರೆ ಅರ್ಧಕ್ಕೇ ಎದ್ದು ಹೋಗ್ತಾರೆ. ಕಥೆ ಗೊತ್ತಾಗುವುದಿಲ್ಲ ಅವರಿಗೆ," ಅಂದಳು. ಒಂದೇ ಹಾಳೆಯಲ್ಲಿ ಪ್ರಸಂಗದ ಕಥೆಯನ್ನು ಮಲಯಾಳದಲ್ಲಿ ಬರೆದು ಜೆರಾಕ್ಸ್ ಮಾಡಿಸಿದಳು. ಯಾವ ವೇಷ ಯಾರು, ಯಾವಾಗ ಬರುತ್ತಾರೆ ಅಂತ ಚಿಕ್ಕ ಚಿತ್ರ ಸಮೇತ. ಬಾಗಿಲಲ್ಲಿ ನಿಂತು ತಾನೇ ಹಂಚಿದಳು. ಆ ರಾತ್ರಿ ನನ್ನ ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಅಮ್ಮ ಮೊಬೈಲ್ ಬೆಳಕಿನಲ್ಲಿ ಆ ಹಾಳೆ ಓದಿ ಮೊಮ್ಮಗನಿಗೆ ಮಲಯಾಳದಲ್ಲಿ ಕಥೆ ಹೇಳುತ್ತಿದ್ದರು. ಮಹಿಷಾಸುರ ಬಂದಾಗ ಆ ಮಗು ಬೆಂಚಿನ ಮೇಲೆ ಎದ್ದು ನಿಂತಿತು. ಕಾಸರಗೋಡು ಸಪ್ತಭಾಷೆಯ ನಾಡು ಅಂತ ಭಾಷಣದಲ್ಲಿ ಎಷ್ಟೋ ಸಲ ಹೇಳಿದ್ದೇವೆ. ಪ್ರೇಕ್ಷಕರನ್ನು ಹೀಗೆ ಕರೆದು ಕೂರಿಸಬೇಕು ಅಂತ ನನಗೆ ತೋರಿಸಿದ್ದು ಅವಳು.

ಇದರಲ್ಲಿ ಹೊಟ್ಟೆಪಾಡು ನಡೆಯುತ್ತದಾ ಅಂತ ಈ ಮಕ್ಕಳ ಮನೆಯವರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ನನ್ನ ಉತ್ತರ: ಆಟ ಒಂದರಿಂದಲೇ ಇಲ್ಲ. ಪತ್ತನಾಜೆಯ ನಂತರ ಮಳೆಗಾಲದಲ್ಲಿ ಬಯಲಾಟ ನಿಲ್ಲುತ್ತದೆ. ಆಗ ವೇಷವಿಲ್ಲದೆ ಕೂತು ನಡೆಸುವ ತಾಳಮದ್ದಳೆ, ಮಕ್ಕಳ ಶಿಬಿರ, ಶಾಲಾ ವಾರ್ಷಿಕೋತ್ಸವದ ತಯಾರಿ ಉಂಟು. ಮಂಗಳೂರು ರೈಲಿನಲ್ಲಿ ಸುಮಾರು ಒಂದು ಗಂಟೆ ದೂರ, ಅಲ್ಲಿನ ನಾಟಕ ತಂಡಗಳಿಗೂ ಕೆಲಸ ಗೊತ್ತಿರುವವರು ಬೇಕು. ನನ್ನ ಜೊತೆ ಇದ್ದವರಲ್ಲಿ ಒಬ್ಬ ಈಗ ಬೆಂಗಳೂರಿನಲ್ಲಿ ನಾಟಕ ತಂಡವೊಂದರ ಪ್ರವಾಸ ನೋಡಿಕೊಳ್ಳುತ್ತಾನೆ. ಇಂಡಿಯಾ ಥಿಯೇಟರ್ ಫೋರಂ, ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್, ಜುನೂನ್ ಸೇರಿ ನಾಟಕ ತಂಡಗಳಿಗೆ ನಿರ್ವಹಣೆ ಕಲಿಸಲು ‘ಸ್ಮಾರ್ಟ್’ ಎಂಬ ತರಬೇತಿ ರೂಪಿಸಿದವು. ಇಂಥದ್ದು ಕನ್ನಡದಲ್ಲಿ, ಮಂಗಳೂರಿನಲ್ಲೋ ಕಾಸರಗೋಡಿನಲ್ಲೋ ಆಗಬೇಕು ಅಂತ ನನಗೆ ಬಹಳ ಆಸೆ.

ಕೇಂದ್ರ ಸಂಸ್ಕೃತಿ ಸಚಿವಾಲಯದ ಯುವ ಕಲಾವಿದರ ವಿದ್ಯಾರ್ಥಿವೇತನ ಉಂಟು: 18ರಿಂದ 25 ವರ್ಷದವರಿಗೆ ತಿಂಗಳಿಗೆ 5,000 ರೂಪಾಯಿ, ಎರಡು ವರ್ಷ. ನಮ್ಮ ಮಕ್ಕಳಿಗೆ ಅರ್ಜಿ ಹಾಕಿಸುತ್ತೇನೆ. ಆದರೆ ಅದು ಕುಣಿಯುವ, ಹಾಡುವ, ನುಡಿಸುವ ಮಕ್ಕಳಿಗೆ. ಲೆಕ್ಕದ ಪುಸ್ತಕ ಹಿಡಿದು ಚೌಕಿಯ ಬಾಗಿಲಲ್ಲಿ ನಿಲ್ಲುವ ಹುಡುಗಿಗೆ ಆ ಅರ್ಜಿಯಲ್ಲಿ ಜಾಗ ಇಲ್ಲ. ಅವಳ ಕೆಲಸವೂ ಕಲೆಯದ್ದೇ ಕೆಲಸ ಅಲ್ವಾ? ಸಿಕ್ಕಿದ ಅಧಿಕಾರಿಗಳಿಗೆಲ್ಲ ಇದನ್ನು ಹೇಳಿದ್ದೇನೆ, ಇನ್ನೂ ಹೇಳುತ್ತೇನೆ.

ಮುಳ್ಳೇರಿಯದ ಆ ಹುಡುಗಿ ಈಗ ಸಹಕಾರಿ ಸಂಘವೊಂದರಲ್ಲಿ ಕೆಲಸದಲ್ಲಿದ್ದಾಳೆ. ವರ್ಷಕ್ಕೆ ನಾಲ್ಕು ಆಟ ಅವಳದೇ ಜವಾಬ್ದಾರಿ. ಮೊನ್ನೆ ಈ ಸೀಸನಿನ ಮೊದಲ ಆಟದ ಹಾಳೆ ವಾಟ್ಸಾಪಿಗೆ ಕಳಿಸಿದಳು. ‘ಸಭೆ: 6.15ರಿಂದ 6.30. ಮಾತಾಡುವವರು ಇಬ್ಬರು. ಮಹಿಷಾಸುರ: ಬಣ್ಣಕ್ಕೆ ಕೂರುವುದು 4.00, ಪ್ರವೇಶ 8.10. ಕವರ್: 17, ಶುಕ್ರವಾರವೇ ತಯಾರು.’ ಕೊನೆಯಲ್ಲಿ ಒಂದು ಪ್ರಶ್ನೆ: "ಟೀಚರ್, ಜನರೇಟರ್ ಬೇಕಾ? ಅದನ್ನು ತೆಗೆದರೆ ಎರಡು ಸಾವಿರ ಉಳಿಯುತ್ತದೆ."

ಬೇಕು, ತೆಗೀಬೇಡ ಅಂತ ಬರೆದೆ.