ನೀರಿನೊಳಗಿನ ಕಿಡಿ ಹುಟ್ಟುವ ಗಳಿಗೆಯನ್ನು ಚಿತ್ರಿಸಿದ್ದು: ನನ್ನ ಅನುಭವ

ಫೆಮ್ಟೊಸೆಕೆಂಡ್ ಲೇಸರ್‌ನ ಒಂದೇ ಒಂದು ಸ್ಪಂದವನ್ನು ಮಸೂರದ ಮೂಲಕ ನೀರಿನೊಳಗೆ ಒಂದು ಬಿಂದುವಿಗೆ ಕೂಡಿಸಿದರೆ, ಅಲ್ಲಿನ ಅಣುಗಳಿಂದ ಎಲೆಕ್ಟ್ರಾನುಗಳು ಕಿತ್ತುಬಂದು ಸಣ್ಣದೊಂದು ಪ್ಲಾಸ್ಮಾ, ಅಂದರೆ ವಿದ್ಯುದಾವೇಶವಿರುವ ಕಣಗಳ ಕಿಡಿ, ಹುಟ್ಟುತ್ತದೆ. (ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿ, ಅದರಲ್ಲೊಂದನ್ನು ಮತ್ತೆ ಹತ್ತು ಲಕ್ಷ ಪಾಲು ಮಾಡಿದರೆ ಸಿಗುವ ಒಂದು ಪಾಲೇ ಫೆಮ್ಟೊಸೆಕೆಂಡ್.) ಆ ಹುಟ್ಟನ್ನು ಚಿತ್ರವಾಗಿ ಕಾಣುವುದು ಸಂಶೋಧನಾ ವಿದ್ಯಾರ್ಥಿಯಾಗಿ ನನಗೆ ವಹಿಸಿದ್ದ ಮೊದಲ ಕೆಲಸ. ಪ್ರಯೋಗಾಲಯದಲ್ಲಿದ್ದ ಕ್ಯಾಮೆರಾ ತೀರಾ ಸಾಧಾರಣವಾದದ್ದು. ಅದರ ಶಟರ್ ತೆರೆದು ಮುಚ್ಚುವಷ್ಟರಲ್ಲಿ ನಾನು ನೋಡಬೇಕಾದ ಘಟನೆ ಕೋಟಿಗಟ್ಟಲೆ ಸಲ ನಡೆದು ಮುಗಿಯಬಹುದಿತ್ತು. ಆದರೆ ಈ ವಿಧಾನದಲ್ಲಿ ವೇಗವಾಗಿರಬೇಕಾದದ್ದು ಕ್ಯಾಮೆರಾ ಅಲ್ಲ, ಬೆಳಕು. ಕತ್ತಲೆಯಲ್ಲಿ ಶಟರ್ ತೆರೆದಿಟ್ಟು 100 ಫೆಮ್ಟೊಸೆಕೆಂಡ್ ಮಾತ್ರ ಬೆಳಕು ಬೀರಿದರೆ, ಆ 100 ಫೆಮ್ಟೊಸೆಕೆಂಡಿನ ನೆರಳಷ್ಟೇ ಚಿತ್ರದಲ್ಲಿ ಉಳಿಯುತ್ತದೆ.

800 ನ್ಯಾನೊಮೀಟರ್ ತರಂಗಾಂತರದ ಸ್ಪಂದವನ್ನು ನಾವು ಎರಡಾಗಿ ಸೀಳಿದೆವು. ಹೆಚ್ಚಿನ ಪಾಲು ನೀರಿನಲ್ಲಿ ಕಿಡಿ ಹೊತ್ತಿಸುವ ಪಂಪ್ ಆಯಿತು. ಉಳಿದದ್ದು ವಿಶೇಷ ಹರಳೊಂದರ ಮೂಲಕ ಹಾದು 400 ನ್ಯಾನೊಮೀಟರಿನ ನೀಲಿ ಬೆಳಕಾಗಿ, ಪಂಪಿಗೆ ಅಡ್ಡಲಾಗಿ ಬಂದು, ಕ್ಯಾಮೆರಾದತ್ತ ಸಾಗುವ ಪ್ರೋಬ್ ಆಯಿತು. ಬಣ್ಣ ಬೇರೆಯಾಗಿದ್ದರಿಂದ ಕಿಡಿಯ ಹೊಳಪನ್ನೂ ಪಂಪಿನ ಚದುರಿದ ಬೆಳಕನ್ನೂ ಫಿಲ್ಟರ್ ಹಾಕಿ ಬಹುಮಟ್ಟಿಗೆ ತಡೆಯಬಹುದಿತ್ತು. ಪ್ರೋಬ್ ಎಷ್ಟು ತಡವಾಗಿ ಬರಬೇಕೆಂಬುದನ್ನು ನಿರ್ಧರಿಸುತ್ತಿದ್ದುದು ಹಳಿಯ ಮೇಲೆ ಜರುಗುವ ಒಂದು ಜೋಡಿ ಕನ್ನಡಿ. ಕನ್ನಡಿಯನ್ನು 15 ಮೈಕ್ರೊಮೀಟರ್ ಹಿಂದೆ ಸರಿಸಿದರೆ ಬೆಳಕು ಹೋಗಿ ಬರುವ ದಾರಿ 30 ಮೈಕ್ರೊಮೀಟರ್ ಹೆಚ್ಚುತ್ತದೆ, ಅಂದರೆ 100 ಫೆಮ್ಟೊಸೆಕೆಂಡ್ ತಡವಾಗುತ್ತದೆ. ದೂರವನ್ನೇ ಗಡಿಯಾರವಾಗಿಸುವ ಈ ಉಪಾಯ ಹಳೆಯದು. ಫ್ರಾನ್ಸಿನ ವಿಜ್ಞಾನಿಗಳಾದ ಅಬ್ರಹಾಂ ಮತ್ತು ಲೆಮ್ವಾನ್ 1899ರಲ್ಲೇ ವಿದ್ಯುತ್ ಕಿಡಿಯ ಬೆಳಕನ್ನು ಕನ್ನಡಿಗಳ ನಡುವೆ ಸುತ್ತಿಸಿ ನ್ಯಾನೊಸೆಕೆಂಡುಗಳನ್ನು (ಒಂದು ನ್ಯಾನೊಸೆಕೆಂಡ್ ಎಂದರೆ ಹತ್ತು ಲಕ್ಷ ಫೆಮ್ಟೊಸೆಕೆಂಡ್) ಅಳೆದಿದ್ದರು.

ಕಷ್ಟವಿದ್ದದ್ದು ಎರಡೂ ಸ್ಪಂದಗಳು ಒಂದೇ ಗಳಿಗೆಗೆ ಬಂದು ಸೇರುವ ಜಾಗವನ್ನು, ಅಂದರೆ ಸೊನ್ನೆ ಕಾಲವನ್ನು ಹುಡುಕುವುದರಲ್ಲಿ. ನಮ್ಮ ಹಳಿಯ ಉದ್ದ 15 ಸೆಂಟಿಮೀಟರ್, ಅದರಲ್ಲಿ ಸಿಗುವುದು ಒಟ್ಟು 1 ನ್ಯಾನೊಸೆಕೆಂಡಿನ ಅವಕಾಶ. ಬೆಳಕನ್ನು ವಿದ್ಯುತ್ ಸಂಕೇತವಾಗಿಸುವ ಫೋಟೊಡಯೋಡನ್ನು ಪಂಪಿಗೊಂದು, ಪ್ರೋಬಿಗೊಂದು ಇಟ್ಟು, ಆ ಸಂಕೇತಗಳನ್ನು ಪರದೆಯ ಮೇಲೆ ಗೆರೆಗಳಾಗಿ ತೋರಿಸುವ ಆಸಿಲೋಸ್ಕೋಪಿನಲ್ಲಿ ಎರಡು ಗೆರೆಗಳನ್ನೂ ಒಂದರ ಮೇಲೊಂದು ಕೂರಿಸಿ, ಇನ್ನೇನು ಸಿಕ್ಕಿತು ಎಂದುಕೊಂಡು ಹಳಿಯ ಈ ತುದಿಯಿಂದ ಆ ತುದಿಯವರೆಗೆ ದಿನಗಟ್ಟಲೆ ಜಾಲಾಡಿದೆ. ಕೆಲವೊಮ್ಮೆ ನೆರಳೇ ಇರಲಿಲ್ಲ, ಕೆಲವೊಮ್ಮೆ ಹಿಂದಿನ ಸ್ಪಂದ ಬಿಟ್ಟುಹೋದ ಗುಳ್ಳೆಯನ್ನೇ ಪ್ಲಾಸ್ಮಾ ಎಂದು ನಂಬಿದ್ದೆ. ಕೊನೆಗೆ ತಿಳಿದದ್ದೇನೆಂದರೆ, ಎರಡು ಡಯೋಡುಗಳ ಕೇಬಲ್ಲುಗಳಲ್ಲಿ ಒಂದು ಇನ್ನೊಂದಕ್ಕಿಂತ ಸುಮಾರು ಅರ್ಧ ಮೀಟರ್ ಉದ್ದವಿತ್ತು. ಕೇಬಲ್ಲಿನಲ್ಲಿ ಸಂಕೇತವು ಬೆಳಕಿನ ವೇಗದ ಸುಮಾರು ಮೂರನೇ ಎರಡರಷ್ಟರಲ್ಲಿ ಸಾಗುವುದರಿಂದ ಅಲ್ಲೇ 2.5 ನ್ಯಾನೊಸೆಕೆಂಡ್ ತಪ್ಪಿತ್ತು. ಹಳಿಯನ್ನು ಎಷ್ಟು ಎಳೆದರೂ ಸಿಗದಷ್ಟು ದೂರ. ಆಮೇಲೆ ಒಂದೇ ಡಯೋಡನ್ನು, ಒಂದೇ ಕೇಬಲ್ಲಿನೊಂದಿಗೆ, ಎರಡು ಕಿರಣಗಳೂ ಕೂಡುವ ಬಿಂದುವಿನಲ್ಲೇ ಇಟ್ಟು, ಒಂದು ಕಿರಣವನ್ನು ಮುಚ್ಚಿ ಇನ್ನೊಂದನ್ನು ನೋಡಿದೆ. ಪ್ರೋಬಿನ ದಾರಿಗೆ ಎರಡು ಕನ್ನಡಿ ಸೇರಿಸಿ ಮುಕ್ಕಾಲು ಮೀಟರಿನಷ್ಟನ್ನು ಸರಿದೂಗಿಸಿದ ಮೇಲೆ, 1 ಪಿಕೊಸೆಕೆಂಡಿನ, ಅಂದರೆ 1000 ಫೆಮ್ಟೊಸೆಕೆಂಡಿನ, ಹೆಜ್ಜೆಗಳಲ್ಲಿ ಹುಡುಕುವುದಷ್ಟೇ ಉಳಿಯಿತು.

ಅದೇ ಸಂಜೆ ಪರದೆಯ ಮೇಲೆ ಎಡಗಡೆಯಿಂದ ಕಪ್ಪಾದ ಒಂದು ಮೊನೆ ಕಾಣಿಸಿತು. 100 ಫೆಮ್ಟೊಸೆಕೆಂಡ್ ಮುಂದೆ ಹೋದಾಗ ಅದು ಸುಮಾರು 22 ಮೈಕ್ರೊಮೀಟರ್ ಬಲಕ್ಕೆ ಬೆಳೆದಿತ್ತು, ಮತ್ತೆ 100 ಹೋದಾಗ ಮತ್ತಷ್ಟೇ. ನೀರಿನಲ್ಲಿ ಬೆಳಕು ಸಾಗುವ ವೇಗವೇ ಅದು. ಪಂಪ್ ಮುಂದೆ ಸಾಗುತ್ತ ತನ್ನ ಹಿಂದೆ ಪ್ಲಾಸ್ಮಾವನ್ನು ಎಳೆದುಕೊಂಡು ಹೋಗುವುದನ್ನು ನಾನು ಕಣ್ಣಾರೆ ನೋಡುತ್ತಿದ್ದೆ. ಆ ದಿನ ನನಗಾದ ಸಂತೋಷವನ್ನು ಇಂದಿಗೂ ಮರೆತಿಲ್ಲ.

ಹೀಗೆ ಜೋಡಿಸಿದ ಚಿತ್ರಮಾಲೆ ಒಂದೇ ಕಿಡಿಯದ್ದಲ್ಲ, ಒಂದೊಂದು ಚಿತ್ರವೂ ಬೇರೆ ಬೇರೆ ಕಿಡಿಯದ್ದು ಎಂಬುದನ್ನು ಮುಚ್ಚಿಡಬಾರದು. ಆದ್ದರಿಂದ ಸೆಕೆಂಡಿಗೆ 1000 ಬರುತ್ತಿದ್ದ ಸ್ಪಂದಗಳನ್ನು 10ಕ್ಕೆ ಇಳಿಸಿ, ನೀರನ್ನು ಹರಿಯಬಿಟ್ಟು, ಪ್ರತಿ ಹೆಜ್ಜೆಯಲ್ಲೂ 50 ಚಿತ್ರ ತೆಗೆದು, ಪಂಪ್ ಇಲ್ಲದ ಚಿತ್ರದಿಂದ ಭಾಗಿಸುತ್ತಿದ್ದೆ. ಮರುಕಳಿಸದ ಘಟನೆಗೆ ಈ ದಾರಿ ಒದಗದು. ಅದಕ್ಕೆ ಅಮೆರಿಕದಲ್ಲಿ ಲಿಹಾಂಗ್ ವಾಂಗ್ ಅವರ ತಂಡ 2014ರಲ್ಲಿ ತೋರಿಸಿದಂತಹ, ಒಂದೇ ಸಲಕ್ಕೆ ಇಡೀ ದೃಶ್ಯವನ್ನು ಸೆರೆಹಿಡಿಯುವ ಕ್ಯಾಮೆರಾ ಬೇಕು. ಆದರೆ ಮತ್ತೆ ಮತ್ತೆ ಹುಟ್ಟಿಸಬಹುದಾದ ಕಿಡಿಗೆ ಹಳಿ ಮತ್ತು ಕನ್ನಡಿಯೇ ಹೆಚ್ಚು ನಂಬಿಕೆಗೆ ಅರ್ಹವೆಂದು ನನ್ನ ಅಭಿಪ್ರಾಯ.

ಈ ಕೆಲಸಕ್ಕೆ ಇಳಿಯುವವರು ಗಾಜಿನ ವಿಷಯದಲ್ಲಿ ಎಚ್ಚರವಾಗಿರಬೇಕು. ಪ್ರೋಬಿನ ನೀಲಿ ಬೆಳಕು ಗಾಜಿನಲ್ಲಿ ಪಂಪಿನ 800 ನ್ಯಾನೊಮೀಟರ್ ಬೆಳಕಿಗಿಂತ ನಿಧಾನವಾಗಿ ಸಾಗುತ್ತದೆ. 1 ಸೆಂಟಿಮೀಟರ್ ಸಾಮಾನ್ಯ ಗಾಜಿನಲ್ಲೇ ಎರಡರ ನಡುವೆ 1 ಪಿಕೊಸೆಕೆಂಡಿಗೂ ಹೆಚ್ಚು ಅಂತರ ಬೀಳುತ್ತದೆ. ನೀರಿನ ಪಾತ್ರೆಯನ್ನು ದಾಟಿದ ಮೇಲೆ ಎಷ್ಟು ಮಸೂರ ಸೇರಿಸಿದರೂ ಸೊನ್ನೆ ಕದಲುವುದಿಲ್ಲ, ಆದರೆ ಅದಕ್ಕೆ ಮುಂಚೆ ಒಂದು ತೆಳು ಫಿಲ್ಟರ್ ಬದಲಾಯಿಸಿದರೂ ಅದನ್ನು ಮತ್ತೆ ಹುಡುಕಬೇಕಾಗುತ್ತದೆ. ನಾನು ಪ್ರತಿದಿನ ಬೆಳಿಗ್ಗೆ ಲೇಸರ್ ಬಿಸಿಯೇರಿದ ಮೇಲೆ ಮೊದಲು ಮಾಡುತ್ತಿದ್ದುದು ಅದನ್ನೇ: ಆ ಕಪ್ಪು ಮೊನೆ ಕಾಣಿಸಿಕೊಳ್ಳುವ ಜಾಗವನ್ನು ಹಳಿಯ ಅಳತೆಯಲ್ಲಿ ಓದಿ, ದಿನಾಂಕದೊಂದಿಗೆ ಪುಸ್ತಕದಲ್ಲಿ ಬರೆದಿಡುವುದು.