ಗಾಳಿ ಇಳಿದ ಚೆಂಡಿನಿಂದ ಅನಿಲ ನಿಯಮ: ಪ್ರಶ್ನೆ ಕೇಳುವ ವಿಡಿಯೋ ಪಾಠ ಮಾಡಿದ ಬಗೆ

ಅನಿಲ ನಿಯಮ (ಗಾತ್ರ ಬದಲಾಗದಿದ್ದರೆ ಅನಿಲ ತಣ್ಣಗಾದಷ್ಟೂ ಒತ್ತಡ ಇಳಿಯುತ್ತದೆ ಅನ್ನುವುದು) ಕಲಿಸಲು 2015ರ ಜನವರಿ 18ರ ಎನ್‌ಎಫ್‌ಎಲ್ (ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್) ಪಂದ್ಯಕ್ಕಿಂತ ಒಳ್ಳೆಯ ಲೆಕ್ಕ ನನಗೆ ಸಿಕ್ಕಿಲ್ಲ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ದಾಳಿಗಿಳಿದ ತಂಡ ತನ್ನದೇ ಚೆಂಡು ಬಳಸುತ್ತದೆ. ಫಾಕ್ಸ್‌ಬರೊದಲ್ಲಿ ಅವತ್ತು ಮಧ್ಯಂತರದಲ್ಲಿ ಅಳೆದಾಗ ಪೇಟ್ರಿಯಟ್ಸ್ ತಂಡದ 11 ಚೆಂಡುಗಳಲ್ಲೂ ಒತ್ತಡ ನಿಯಮದ ಕನಿಷ್ಠ 12.5 ಪಿಎಸ್‌ಐಗಿಂತ (ಪಿಎಸ್‌ಐ ಅಂದರೆ ಚದರ ಇಂಚಿಗೆ ಇಷ್ಟು ಪೌಂಡ್ ಒತ್ತಡ) ಕಡಿಮೆ ಇತ್ತು. ಯಾರಾದರೂ ಗಾಳಿ ಬಿಟ್ಟರೋ, ಚಳಿಗೆ ತಾನಾಗಿ ಇಳಿಯಿತೋ? ಈ ಜಗಳವೇ ಪಾಠದ ಬಂಡವಾಳ.

ಪಂದ್ಯದ ತುಣುಕು ಹಾಕುವುದಿಲ್ಲ, ಹಕ್ಕುಸ್ವಾಮ್ಯದ ತಕರಾರು ಬೇಡ. ಚೆಂಡು, ಪಂಪು, ಒತ್ತಡ ಅಳೆಯುವ ಡಿಜಿಟಲ್ ಗೇಜ್, ಫ್ರಿಜ್ ಸಾಕು. ಪಂಪು ಹೊಡೆದಾಗ ಒಳಗಿನ ಗಾಳಿ ಬಿಸಿಯಾಗುವುದರಿಂದ ಅರ್ಧ ಗಂಟೆ ಬಿಟ್ಟು 13 ಪಿಎಸ್‌ಐಗೆ ಹೊಂದಿಸಿ. 4 ಡಿಗ್ರಿಯ ಫ್ರಿಜ್‌ನಲ್ಲಿ ಎರಡು ಮೂರು ಗಂಟೆ ಇಟ್ಟರೆ ಸುಮಾರು 11.3ಕ್ಕೆ ಇಳಿಯಬೇಕು (ಕೋಣೆ 22 ಡಿಗ್ರಿ ಇದ್ದರೆ). ಹೊರಗೆ ತೆಗೆದ ತಕ್ಷಣ ಅಳೆಯಿರಿ, ತಡವಾದರೆ ಏರತೊಡಗುತ್ತದೆ. ಸೂಜಿ ಒದ್ದೆ ಮಾಡಿ ಚುಚ್ಚಿ. ಪ್ರತಿ ಸಲ ಚುಚ್ಚಿದಾಗಲೂ ಚೂರು ಗಾಳಿ ಹೋಗುತ್ತದೆ, ಹಾಗಾಗಿ ಕ್ಯಾಮೆರಾ ಮೊದಲೇ ಗೇಜ್ ಮೇಲೆ ನಿಂತಿರಲಿ. ಗೇಜ್ ಬದಲಿಸಬೇಡಿ, ಎರಡು ಗೇಜ್‌ಗಳ ನಡುವೆ 0.3 ಪಿಎಸ್‌ಐ ವ್ಯತ್ಯಾಸ ಸಾಮಾನ್ಯ. ಫಾಕ್ಸ್‌ಬರೊದ ಗೊಂದಲಕ್ಕೆ ಅದೂ ಒಂದು ಕಾರಣ.

ಶ್ರಮ ಹಾಕಬೇಕಾದದ್ದು ತಪ್ಪು ಉತ್ತರಗಳ ಮೇಲೆ. ಎಚ್5ಪಿಯ (ವಿಡಿಯೋ ನಡುವೆ ಪ್ರಶ್ನೆ ಸೇರಿಸಲು ಬಿಡುವ ಉಚಿತ ತಂತ್ರಾಂಶ) ಇಂಟರ್‌ಆ್ಯಕ್ಟಿವ್ ವಿಡಿಯೋದಲ್ಲಿ ಗೇಜ್ ತೋರಿಸುವ ಮುಂಚೆ ವಿಡಿಯೋ ನಿಲ್ಲಿಸಿ ಕೇಳುತ್ತೇನೆ: 21.7 ಡಿಗ್ರಿಯಲ್ಲಿ 12.5 ಪಿಎಸ್‌ಐ ಇದ್ದ ಚೆಂಡು 8.9 ಡಿಗ್ರಿಯಲ್ಲಿ ಎಷ್ಟಾದೀತು? ಆಯ್ಕೆಗಳು 11.3, 12.0, 5.1 ಮತ್ತು ಮೈನಸ್ 3.5. ಸರಿಯುತ್ತರ 11.3. ಗೇಜ್ ತೋರಿಸುವುದು ಹೊರಗಿನ ಗಾಳಿಗಿಂತ ಒಳಗೆ ಎಷ್ಟು ಹೆಚ್ಚು ಅನ್ನುವುದನ್ನು ಮಾತ್ರ. ಅದಕ್ಕೆ ಹೊರಗಿನ ಗಾಳಿಯ ಒತ್ತಡವಾದ 14.7 ಕೂಡಿಸಿ, ಎರಡು ತಾಪಮಾನಗಳ ಕೆಲ್ವಿನ್ (ಸೆಲ್ಸಿಯಸ್‌ಗೆ 273 ಕೂಡಿಸಿದ್ದು) ಅನುಪಾತದಿಂದ ಗುಣಿಸಿ, ಮತ್ತೆ 14.7 ಕಳೆಯಬೇಕು. 14.7 ಮರೆತವರಿಗೆ 12.0 ಬರುತ್ತದೆ. ಅದನ್ನೂ ಮರೆತು ಸೆಲ್ಸಿಯಸ್‌ನಲ್ಲೇ ಲೆಕ್ಕ ಮಾಡಿದವರಿಗೆ 5.1. 14.7 ಕೂಡಿಸಿಯೂ ಸೆಲ್ಸಿಯಸ್ ಬಿಡದವರಿಗೆ ಮೈನಸ್ 3.5, ಅಂದರೆ ಒಳಗಿನ ಒತ್ತಡ ಹೊರಗಿನ ಗಾಳಿಗಿಂತಲೂ ಕಡಿಮೆಯಾಗಿ ಚೆಂಡೇ ಚಪ್ಪಟೆ! ಒಂದೊಂದು ತಪ್ಪಿಗೂ ವಿಡಿಯೋ ಬೇರೆ ಬೇರೆ ಜಾಗಕ್ಕೆ ಹಿಂದಕ್ಕೆ ಹೋಗಬೇಕು: 12.0 ಅಂದವರು ಗೇಜ್ ಭಾಗಕ್ಕೆ, 5.1 ಅಂದವರು ಮೊದಲು ಕೆಲ್ವಿನ್ ಭಾಗಕ್ಕೆ. ಎಲ್ಲರನ್ನೂ ಮೊದಲಿಗೇ ಕಳಿಸಿದರೆ ಮಕ್ಕಳು ಊಹೆ ಹೊಡೆದು ಕ್ಲಿಕ್ ಮಾಡುತ್ತಾ ಮುಂದೆ ಹೋಗುತ್ತಾರೆ.

ಮುಂದಕ್ಕೆ ಎಳೆಯುವುದನ್ನು ತಡೆಯುವ ಆಯ್ಕೆ ಆನ್ ಇರಲಿ. ಆರು ನಿಮಿಷದೊಳಗೆ ನಾಲ್ಕೈದು ನಿಲುಗಡೆ ಸಾಕು. ಶಾಲೆಯ ನೆಟ್‌ವರ್ಕ್‌ನಲ್ಲಿ ಯೂಟ್ಯೂಬ್ ಬಂದ್ ಆಗಿರಬಹುದು, ಎಂಪಿ4 ಫೈಲನ್ನೇ ಏರಿಸಿ. ಬಿಟ್ಟಸ್ಥಳ ತುಂಬುವ ಪ್ರಶ್ನೆಯಾದರೆ 11.3, 11.32 ಎರಡನ್ನೂ ಸರಿಯೆಂದು ಬರೆದಿಡಿ, ಇಲ್ಲದಿದ್ದರೆ ಸರಿಯಾಗಿ ಮಾಡಿದವನಿಗೂ ಕೆಂಪು ಗುರುತು ಬೀಳುತ್ತದೆ.

ಎದುರಾಳಿ ಕೋಲ್ಟ್ಸ್‌ನ ನಾಲ್ಕೇ ಚೆಂಡು ಅಳೆದದ್ದು, ಅದೂ ಬೆಚ್ಚಗಿನ ಕೋಣೆಯಲ್ಲಿ, ಪೇಟ್ರಿಯಟ್ಸ್ ಚೆಂಡುಗಳ ನಂತರ. ಎರಡೂ ತಂಡಗಳ ಚೆಂಡುಗಳನ್ನು ಹೀಗೆ ಹೋಲಿಸುವುದು ನ್ಯಾಯವೇ ಅನ್ನುವ ಪ್ರಶ್ನೆಯನ್ನು ನಾನು ವಿಡಿಯೋಗೆ ಹಾಕುವುದಿಲ್ಲ, ತರಗತಿಯ ಚರ್ಚೆಗೆ ಇಟ್ಟುಕೊಳ್ಳುತ್ತೇನೆ. ನಾಲ್ಕು ಆಯ್ಕೆಗಳಲ್ಲಿ ಹಿಡಿದಿಡುವಂಥ ಉತ್ತರ ಅದಕ್ಕಿಲ್ಲ.