65ಕ್ಕೆ 68 ಕೂಡಿದರೆ 6568 ಬಂತು!

ತೀರ್ಥಹಳ್ಳಿ ಹತ್ತಿರ ನಮ್ಮ ಅಡಿಕೆ ತೋಟ. ರಾಶಿ, ಬೆಟ್ಟೆ, ಗೊರಬಲು ಅಂತ ಬೇರೆ ಬೇರೆ ಬಗೆಯ ಅಡಿಕೆ ಚೀಲಗಳನ್ನು ಮಂಡಿಗೆ ಕಳಿಸುವ ಮೊದಲು ಅಪ್ಪಯ್ಯ ತೂಕ ಕೂಡಿ ನೋಡಲಿ ಅಂತ ಒಂದು ಪುಟ್ಟ ವೆಬ್ ಪುಟ ಮಾಡಿದೆ.

65, 68 ಹಾಕಿ ಬಟನ್ ಒತ್ತಿದರೆ 6568 ಬಂತು. ಪೆಟ್ಟಿಗೆಯಲ್ಲಿ ಬರೆದದ್ದೆಲ್ಲ ಜಾವಾಸ್ಕ್ರಿಪ್ಟ್‌ಗೆ, ಅಂದರೆ ಪುಟದ ಲೆಕ್ಕ ಬರೆದ ಕೋಡಿಂಗ್ ಭಾಷೆಗೆ, ಬರೀ ಅಕ್ಷರ. ನಡುವೆ ಪ್ಲಸ್ ಹಾಕಿದರೆ ಸುಮ್ನೆ ಪಕ್ಕಪಕ್ಕ ಅಂಟಿಸುತ್ತೆ. ಎರಡನ್ನೂ ಅಕ್ಷರವನ್ನು ಸಂಖ್ಯೆ ಮಾಡಿಕೊಡುವ ನಂಬರ್ ಫಂಕ್ಷನ್ ಒಳಗೆ ಹಾಕಿದೆ, 133 ಬಂತು.

ಮಾರನೇ ದಿನ ಅಪ್ಪಯ್ಯ ಕರೆದರು. "ಎಂತದಾ ಇದು? ಮೊತ್ತದ ಜಾಗದಲ್ಲಿ ನ್ಯಾನ್ ಅಂತ ಬರ್ತದೆ!"

ನ್ಯಾನ್ (NaN) ಅಂದರೆ 'ಇದು ಸಂಖ್ಯೆ ಅಲ್ಲ' ಅಂತ. ಕಾರಣ ಹುಡುಕಲು ಜಾಸ್ತಿ ಹೊತ್ತು ಹಿಡಿಯಿತು. ಕೊನೆಗೆ ಪಕ್ಕದಲ್ಲೇ ಕೂತು ನೋಡಿದೆ. ಅವರು ಕನ್ನಡ ಕೀಬೋರ್ಡಿನಲ್ಲಿ ೬೫ ಅಂತ ಬರೆಯುತ್ತಿದ್ದರು. ನಂಬರ್ ಫಂಕ್ಷನ್‌ಗೆ ಕನ್ನಡ ಅಂಕಿ ಅರ್ಥವಾಗುವುದಿಲ್ಲ. ಇಂಗ್ಲಿಷ್ ಅಂಕಿ ಹಾಕಿ ಅನ್ನಬಹುದಿತ್ತು. ಆದರೆ ಜೀವನವಿಡೀ ಕನ್ನಡದಲ್ಲೇ ಲೆಕ್ಕ ಬರೆದವರು, ಪುಟವೇ ಅವರಿಗೆ ಹೊಂದಿಕೊಳ್ಳಬೇಕು ಅಲ್ವಾ?

ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡದ ಸೊನ್ನೆ ೦ಯ ಕೋಡ್ 3302. ಅಲ್ಲಿಂದ ೯ರ ತನಕ ಸಾಲಾಗಿ ಇವೆ. ಹಾಗಾಗಿ ಒಂದು ಅಕ್ಷರದ ಜಾಗಕ್ಕೆ ಇನ್ನೊಂದನ್ನು ಇಡುವ ರಿಪ್ಲೇಸ್ ಬಳಸಿ, ಪ್ರತಿ ಕನ್ನಡ ಅಂಕಿಯ ಕೋಡ್‌ನಿಂದ 3302 ಕಳೆದು ಬಂದದ್ದನ್ನು ಅದರ ಜಾಗಕ್ಕೆ ಇಟ್ಟೆ. ೬ರ ಕೋಡ್ 3308, ಕಳೆದರೆ 6. ಆಮೇಲೆ ನಂಬರ್ ಫಂಕ್ಷನ್‌ಗೆ ಕೊಟ್ಟೆ.

ಈಗ ಒಂದು ಚೀಲಕ್ಕೆ ೬೫, ಇನ್ನೊಂದಕ್ಕೆ 68 ಅಂತ ಹಾಕಿದರೂ 133 ಬರುತ್ತೆ.